ಬೀಗರ ಪಂಕ್ತಿಗೆ ಬೈಯುವವರಿಲ್ಲ

ಹರವೆಯ ಮಲ್ಲಾಜಮ್ಮನಿಗೆ ಈ ಲೋಕದಲ್ಲಿ ಸೇರದವರ ಪಟ್ಟಿ ಉದ್ದವಾಗಿತ್ತು. ಅದರ ತಲೆಯ ಮೇಲೆ ಕೂತಿದ್ದವನು ಚಾಮರಾಜನಗರದ ನಾಗೇಂದ್ರ. ಮುಂಚೆ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ. ಎರಡು ವರ್ಷದಿಂದ ‘ನಾಗೇಂದ್ರ ಜಾನಪದ ಬೀಟ್ಸ್’ ಅಂತ ತಂಡ ಕಟ್ಟಿಕೊಂಡು, ಮದುವೆ ಮಂಟಪಗಳಲ್ಲಿ ಕೀಬೋರ್ಡ್ ಬಾರಿಸುತ್ತಾ ಸೋಬಾನೆ ಹಾಡಿಸುತ್ತಿದ್ದ. ಗೂಟ ಹೊಡೆಯುವ ಕೈಯಲ್ಲೇ ಈಗ ತಾಳ ಹೊಡೆಯುತ್ತಾನೆ, ಎರಡಕ್ಕೂ ಅವನಿಗೆ ವ್ಯತ್ಯಾಸ ಗೊತ್ತಿಲ್ಲ ಎಂಬುದು ಮಲ್ಲಾಜಮ್ಮನ ತೀರ್ಮಾನ.

ಅವನ ಮೇಲಿನ ಸಿಟ್ಟಿಗೆ ಬಲವಾದ ಕಾರಣವೂ ಇತ್ತು. ಸೋಬಾನೆಗೆ ಇಬ್ಬರು ಬೇಕು. ಒಬ್ಬಳು ಮುಂದೆ ಸೊಲ್ಲು ಹೇಳಬೇಕು, ಇನ್ನೊಬ್ಬಳು ಅದನ್ನೇ ಎತ್ತಿಕೊಂಡು ತಿರುಗಿ ಹೇಳಬೇಕು. ಹಿಂದಿನವಳು ಹೇಳುವಷ್ಟರಲ್ಲಿ ಮುಂದಿನವಳು ಉಸಿರು ತೆಗೆದುಕೊಂಡು, ಮುಂದಿನ ಸೊಲ್ಲು ಕಟ್ಟಿಕೊಳ್ಳಬೇಕು. ಮೂವತ್ತು ವರ್ಷ ಮಲ್ಲಾಜಮ್ಮನ ಹಿಂದೆ ಸೊಲ್ಲು ಎತ್ತಿಕೊಂಡವಳು ಪಕ್ಕದ ಬೀದಿಯ ಮಾದಮ್ಮ. ಆ ಮಾದಮ್ಮನನ್ನು ನಾಗೇಂದ್ರ ಮೂರು ತಿಂಗಳ ಕೆಳಗೆ ಎಗರಿಸಿಕೊಂಡು ಹೋಗಿದ್ದ.

ಅವನು ಕೇಳಲು ಬಂದದ್ದು ಇಬ್ಬರನ್ನೂ. ಮಲ್ಲಾಜಮ್ಮನ ಜಗುಲಿಯ ಮೇಲೆ ಕೂತು, ಮೊಬೈಲ್ ತೋರಿಸುತ್ತಾ ವಿವರಿಸಿದ. "ಅಕ್ಕ, ಆ ಬೀಗರ್ನ ಬಯ್ಯೋ ಪದ ಎಲ್ಲಾ ಬುಟ್ಬುಡಿ. ಈಗಿನ ಜನಕ್ಕೆ ಅದು ಇಡ್ಸಕಿಲ್ಲ. ಮೂರೇ ನಿಮ್ಸ, ಟ್ರ್ಯಾಕ್ ಮ್ಯಾಲೆ ಆಡ್ಬುಟ್ರೆ ಸಾಕು. ಊರೂರೇ ನೋಡ್ತದೆ."

"ನಿನ್ ಪೆಟ್ಗೆ ಮ್ಯಾಲೆ ನಾ ಆಡದಾ?" ಅಂದಿದ್ದಳು ಮಲ್ಲಾಜಮ್ಮ. "ಅದು ಮೊದ್ಲು ಉಸ್ರು ತಗಳ್ಳದ ಕಲೀಲಿ, ಓಗು."

ನಾಗೇಂದ್ರ ಎದ್ದು ಹೋದ. ಒಂದು ವಾರಕ್ಕೆ ಮಾದಮ್ಮನೂ ಹೋದಳು. ಹೇಳಿ ಹೋಗುವ ಧೈರ್ಯವಿಲ್ಲದೆ, ಬೆಳಗಿನ ಬಸ್ಸಿಗೆ ಸದ್ದಿಲ್ಲದೆ ಹತ್ತಿದ್ದಳು. ಅವತ್ತಿನಿಂದ ಮಲ್ಲಾಜಮ್ಮ ಎರಡು ಮದುವೆಯ ವೀಳ್ಯ ವಾಪಸ್ಸು ಕೊಟ್ಟಿದ್ದಳು. ಊರಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಹಾಡಿಸಿ ನೋಡಿದ್ದಳು. ಒಬ್ಬಳ ದನಿ ತಗಡು, ಒಬ್ಬಳಿಗೆ ನೆನಪಿಲ್ಲ, ಇನ್ನೊಬ್ಬಳು ಸೊಲ್ಲಿನ ನಡುವೆ ಟಿವಿ ಧಾರಾವಾಹಿಯ ವೇಳೆ ಕೇಳಿದಳು. ಇನ್ನು ಒಂದು ವೀಳ್ಯ ವಾಪಸ್ಸು ಹೋದರೆ ತನ್ನ ಬಾಗಿಲಿಗೆ ಎಲೆಅಡಿಕೆ ಹಿಡಿದು ಯಾರೂ ಬರುವುದಿಲ್ಲ, ಕಲಿತ ಇನ್ನೂರು ಪದವೂ ತನ್ನ ಜೊತೆಯಲ್ಲೇ ಮಣ್ಣಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ, ಗುಂಡ್ಲುಪೇಟೆಯ ಗುರುಮಲ್ಲಮ್ಮ ಮೊಮ್ಮಗಳು ರೂಪಶ್ರೀಯ ಮದುವೆಗೆ ಕರೆ ಕಳಿಸಿದಾಗ, ಜೊತೆಗಾತಿ ಇಲ್ಲದಿದ್ದರೂ ಬಸ್ಸು ಹತ್ತಿ ಬಂದಿದ್ದಳು. ಬಂದು ನೋಡಿದರೆ ಮಂಟಪದ ವೇದಿಕೆಯ ಪಕ್ಕ ನಾಗೇಂದ್ರನ ದೊಡ್ಡ ದೊಡ್ಡ ಪೆಟ್ಟಿಗೆಗಳು. ಕರೆ ಅಜ್ಜಿಯದು, ತಂಡ ಮಗನದು. ಗುರುಮಲ್ಲಮ್ಮನ ಮಗ, ಹುಡುಗಿಯ ಅಪ್ಪ ಸೋಮಶೇಖರ್, ಅವ್ವನಿಗೆ ಒಂದು ಮಾತೂ ಹೇಳದೆ ‘ಬೀಟ್ಸ್’ ಬುಕ್ ಮಾಡಿದ್ದ. ಐದು ಹೆಂಗಸರು ಒಂದೇ ಥರದ ಹಳದಿ ಸೀರೆ ಉಟ್ಟು, ಕಿವಿಗೆ ಮೈಕು ಸಿಕ್ಕಿಸಿಕೊಂಡು ನಿಂತಿದ್ದರು. ಮೂರನೆಯವಳು ಮಾದಮ್ಮ. ಅರವತ್ತರ ಹತ್ತಿರದ ಹೆಂಗಸು ಇಸ್ಕೂಲು ಮಕ್ಕಳ ಹಾಗೆ ಎಡಕ್ಕೊಂದು ಹೆಜ್ಜೆ ಬಲಕ್ಕೊಂದು ಹೆಜ್ಜೆ ಹಾಕುವುದನ್ನು ನೋಡಿ ಮಲ್ಲಾಜಮ್ಮನಿಗೆ ಅಸಹ್ಯವಾಯಿತು.

ಧಾರೆಯೆಲ್ಲ ಸಾಂಗವಾಗಿ ಮುಗಿಯಿತು. ಗಂಡಿನ ಕಡೆಯವರು ಊಟಕ್ಕೆ ಕೂತರು. ಬೀಗರ ಪಂಕ್ತಿ. ಎಲೆಗೆ ಅನ್ನ ಬಿದ್ದ ಮೇಲೆ ಹೆಣ್ಣಿನ ಕಡೆಯ ಸೋಬಾನೆಯವರು ಬೀಗರನ್ನು ಹಾಡಿನಲ್ಲಿ ಬೈಯಬೇಕು. ಬೈಸಿಕೊಂಡು ನಕ್ಕಮೇಲೆಯೇ ಗಂಡಿನ ಕಡೆಯ ಹಿರಿಯ ಅನ್ನ ಕಲೆಸುವುದು. ಇದು ಆ ಮನೆತನಗಳಲ್ಲಿ ಅಜ್ಜನ ಕಾಲದಿಂದ ನಡೆದು ಬಂದದ್ದು. ನಾಗೇಂದ್ರನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ತಿದ್ದಿದರೆ ಚೆನ್ನ ಎಂದುಕೊಂಡಿದ್ದ. ಹಾಗಾಗಿ ಐದು ಹಳದಿ ಸೀರೆಗಳೂ ಅವನು ತಾನೇ ಬರೆದ ಪದವನ್ನು ಒಟ್ಟಿಗೆ ಹಾಡಿದವು.

ವಂದನೆ ವಂದನೆ ಬೀಗರಿಗೆ
ಚಂದದಿ ಬಂದಿರಿ ಬೀದಿಗೆ

ಹೊಸ ಬ್ಯಾಂಕು ತೆರೆಯಲು ಬಂದ ಸಾಹೇಬರಿಗೆ ಹಾರ ಹಾಕಿದ ಹಾಗಿತ್ತು. ಮೂರು ನಿಮಿಷಕ್ಕೆ ಸರಿಯಾಗಿ ಮುಗಿಯಿತು. ನಾಗೇಂದ್ರನೇ ಮೊದಲು ಚಪ್ಪಾಳೆ ತಟ್ಟಿದ.

ಗಂಡಿನ ದೊಡ್ಡಪ್ಪ, ಉಮ್ಮತ್ತೂರಿನ ದೊಡ್ಡಮಲ್ಲಪ್ಪ, ಎಲೆಯ ಮುಂದೆ ಕೈಕಟ್ಟಿ ಕೂತಿದ್ದರು. ಪಲ್ಯ ಆರಿತು, ಸಾರು ಹರಿದು ಪಾಯಸಕ್ಕೆ ಸೇರಿತು, ಅವರ ಕೈ ಮಾತ್ರ ಎಲೆಗೆ ಇಳಿಯಲಿಲ್ಲ. ಹಿರಿಯ ಮುಟ್ಟದೆ ಉಳಿದವರು ಮುಟ್ಟುವ ಹಾಗಿಲ್ಲ. ಸೋಮಶೇಖರ್ ಓಡಿ ಬಂದ.

"ಏನಾಯ್ತು, ಮಾವಾರೆ? ಏನಾರ ಕಮ್ಮಿ ಆಯ್ತಾ?"

"ನಾವೇನ್ ಎಲೆಕ್ಸನ್‌ಗೆ ಬಂದಿದ್ದೀವಾ ಸೋಮಶೇಖರ್ರೇ, ಒಗಳಿಸ್ಕಳಕೆ?" ಅಂದರು ದೊಡ್ಡಮಲ್ಲಪ್ಪ, ತಣ್ಣಗೆ. "ನನ್ ಮದ್ವೇಲಿ ನಮ್ಮಪ್ಪನ ಮೂರು ತಲೆಮಾರ್ನ ಎಳ್ದು ಬಯ್ದಿದ್ರು. ನಮ್ಮಪ್ಪ ನಗ್ತಾ ನಗ್ತಾ ಎರಡನೇ ಸಲ ಪಾಯ್ಸ ಆಕಿಸ್ಕಂಡ. ನೆಂಟಸ್ತನ ಅಂದ್ರೆ ಅದು. ನಮ್ಮನ್ನ ಬಯ್ಯಕೂ ಆಗ್ದಷ್ಟು ದೂರದೋರು ಮಾಡ್ಬುಟ್ರಲ್ಲ."

ನಾಗೇಂದ್ರ ಮೈಕಿನಲ್ಲಿ ಕ್ಷಮೆ ಕೇಳಿ, ಅದೇ ವಂದನೆಯನ್ನು ಇನ್ನೊಂದು ಸಲ ಹಾಡಿಸಲೇ ಎಂದು ಕೇಳಿದ. ಅಂಥ ದಡ್ಡನನ್ನು ಮಲ್ಲಾಜಮ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಂದ ಖುಷಿಯನ್ನು ಮುಚ್ಚಿಕೊಳ್ಳಲು ಸೆರಗನ್ನು ಬಾಯಿಗಿಟ್ಟುಕೊಂಡಳು.

ಗುರುಮಲ್ಲಮ್ಮ ಕೋಲೂರಿಕೊಂಡು ಅವಳ ಹತ್ತಿರ ಬಂದರು. "ಏಳು ಮಲ್ಲಾಜಿ. ಮಾನ ಉಳಿಸು."

"ಒಂಟಿ ದನೀಲಿ ಎಂಗವ್ವಾ ಬಯ್ಯದು?"

"ಮಾದಿ ಅಲ್ಲೇ ಅವಳೆ ಕಣೆ."

ಮಲ್ಲಾಜಮ್ಮ ವೇದಿಕೆಯ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವೂ ಬೀಳಲಿಲ್ಲ. ಮಾದಮ್ಮ ಆಗಲೇ ಕಿವಿಯ ಮೈಕನ್ನು ಕಿತ್ತು ನಾಗೇಂದ್ರನ ಕೈಗೆ ಕೊಟ್ಟು, ನಿರಿಗೆ ಎತ್ತಿಕೊಂಡು ಇಳಿದು ಬಂದು, ಮೂವತ್ತು ವರ್ಷ ಕೂತ ಬಲಮಗ್ಗುಲಿಗೆ ಕೂತಳು.

"ಏಳಕ್ಕ," ಅಂದಳು. ಹೇಳು ಅಂದದ್ದು. ಅಷ್ಟೇ.

ಮಲ್ಲಾಜಮ್ಮ ದನಿ ತೆಗೆದಳು.

ಬೀಗ ಬಂದವ್ನೆ ಬಿಂಕದಲಿ ಮೀಸೆ ತಿರುವುತಾ
ಮೀಸೇಲಿ ಅಂಟೈತೆ ನೆನ್ನೆಯ ಹುಳ್ಳಿ ಸಾರು

ಮಾದಮ್ಮ ಎತ್ತಿಕೊಂಡಳು. ಮಂಟಪ ಗೊಳ್ಳೆಂದಿತು. ದೊಡ್ಡಮಲ್ಲಪ್ಪ ಮೀಸೆ ಒರೆಸಿಕೊಂಡರು.

ಹೆಣ್ಣ ನೋಡೋಕೆ ಕಾರಲ್ಲಿ ಕಾಲ್ಮೇಲೆ ಕಾಲಾಕಿ ಬಂದ
ಕಾರು ಯಾರ್ದಯ್ಯ ಅಂದ್ರೆ ಕೆಮ್ಮುತಾ ಕುಂತ

ದೊಡ್ಡಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು, ಅನ್ನ ಕಲೆಸಿದರು. ಇಡೀ ಪಂಕ್ತಿ ಉಣ್ಣತೊಡಗಿತು. ಕೆಲಸ ಆಗಿತ್ತು. ಮಂಗಳ ಹೇಳಿ ನಿಲ್ಲಿಸಬಹುದಿತ್ತು. ಆದರೆ ಮೂರು ತಿಂಗಳು ಗಂಟಲಲ್ಲಿ ಇದ್ದದ್ದು ಈಗ ದಾರಿ ಕಂಡುಕೊಂಡಿತು.

ನಮ್ಮೋಳೂ ಒಬ್ಬಳವಳೆ ಬಾಡಿಗೆ ಸೀರೆ ಉಟ್ಟವಳೆ
ಇದ್ದೊಂದು ಗಂಟಲ ಸಂತೇಲಿ ತೂಗಿ ಮಾರವಳೆ

ಯಾರನ್ನು ಅಂದದ್ದು ಎಂದು ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ನಗು ಎದ್ದಿತು. ಮಾದಮ್ಮ ಸೊಲ್ಲು ಬಿಡುವ ಹಾಗಿರಲಿಲ್ಲ. ಹಾಡಿನ ನಡುವೆ ಸೊಲ್ಲು ಬಿದ್ದರೆ ಹೆಣ್ಣುಗಂಡಿಗೆ ಒಳ್ಳೆಯದಲ್ಲ. ಮುಂದಿನವಳು ಏನು ಅಂದಳೋ ಹಿಂದಿನವಳು ಅದನ್ನೇ ಅನ್ನಬೇಕು. ತನ್ನನ್ನು ತಾನೇ, ತನ್ನ ಬಾಯಲ್ಲೇ, ಒಂದು ಅಕ್ಷರ ಬಿಡದೆ ಅವಳು ಬೈದುಕೊಂಡಳು. ಅವಳ ಮುಖ ಕೆಂಪಾದದ್ದು ಮಲ್ಲಾಜಮ್ಮನಿಗೆ ಕಾಣಿಸಿತು, ಹಿತವೂ ಆಯಿತು.

ಮಾದಮ್ಮನಿಗೆ ಮಕ್ಕಳಿರಲಿಲ್ಲ. ಅದನ್ನು ಮೂವತ್ತು ವರ್ಷದಲ್ಲಿ ಯಾರಾದರೂ ಆಡಿದರೆ ಅವರ ಜನ್ಮ ಜಾಲಾಡುತ್ತಿದ್ದವಳು ಮಲ್ಲಾಜಮ್ಮನೇ. ಈಗ ಅವಳೇ ಕಟ್ಟಿದಳು.

ತೊಟ್ಲಿಲ್ಲದ ಮನೆಯೋಳು ಮೆರೆಯೋಕೆ ಬಂದವಳೆ
ಮೈಕ ಮಡಿಲಲ್ಲಿಟ್ಟು ಲಾಲಿ ಆಡ್ತವಳೆ

ನಗು ನಿಂತಿತು. ಬಡಿಸುವವನು ಸೌಟು ಹಿಡಿದೇ ನಿಂತ. ಮಾದಮ್ಮ ಕಣ್ಣು ಮುಚ್ಚಿಕೊಂಡು, ಉಸಿರು ತೆಗೆದುಕೊಂಡು, ಆ ಎರಡು ಸೊಲ್ಲನ್ನೂ ಎತ್ತಿಕೊಂಡಳು. ದನಿ ನಡುಗಲಿಲ್ಲ. ಆಮೇಲೆ ಮಂಗಳವನ್ನು ಅವಳೇ ಶುರುಮಾಡಿ ಅವಳೇ ಮುಗಿಸಿದಳು.

ಮಲ್ಲಾಜಮ್ಮನಿಗೆ ತಾನು ಮಾಡಿದ್ದು ಅತಿಯಾಯಿತು ಎಂದು ತಿಳಿಯಿತು. ತಪ್ಪಾಯಿತು ಎನ್ನುವ ಅಭ್ಯಾಸ ಅವಳಿಗೆ ಇರಲಿಲ್ಲ. ವೀಳ್ಯದೆಲೆಯ ನಾರು ಕೀಳುತ್ತಾ, "ನಾಳಿದ್ದು ತೆರಕಣಾಂಬೀಲಿ ಒಂದ್ ಮದ್ವೆ ಅದೆ. ಬಂದ್ಬುಡು," ಅಂದಳು.

"ಮೂವತ್ತು ವರ್ಸ ನೀ ಅಂದದ್ದ ನಾ ಅಂದಿವ್ನಿ ಅಕ್ಕ," ಅಂದಳು ಮಾದಮ್ಮ. "ಇವತ್ತೂ ಅಂದೆ. ನಂಗೂ ಒಂದ್ ಪದ ಇಷ್ಟ ಇತ್ತು. ನಮ್ಮವ್ವಂದು. ಒಂದೇ ಒಂದ್ ಸಲ ನಾ ಮುಂದೆ ಸೊಲ್ಲೇಳ್ತೀನಿ ಅಂದಾಗೆಲ್ಲ, ಅದೇನ್ ಪದವಾ, ಕಳೆ ಕೀಳೋರ ಗೊಣಗು ಅಂದೆ ನೀ. ನಾಗೇಂದ್ರ ಬೇಕೂಫನೇ. ಆದ್ರೂ ಆಡು ಅಂದ."

"ಮೂರು ನಿಮ್ಸಕ್ಕೆ ಕುಯ್ದು ಕೊಡ್ತಾನೆ ನಿಮ್ಮವ್ವನ ಪದವ."

"ಕುಯ್ಲಿ ಬುಡು. ನೀ ಮೂವತ್ತು ವರ್ಸದಲ್ಲಿ ಮೂರು ನಿಮ್ಸ ಕೊಡ್ಲಿಲ್ಲ."

ಹಾಗೆಂದವಳು ಎದ್ದು ವೇದಿಕೆ ಹತ್ತಿದಳು. ನಾಗೇಂದ್ರ ಮೈಕು ಸಿಕ್ಕಿಸಿದ, ಕೀಬೋರ್ಡಿನಿಂದ ಡಬಡಬ ಸದ್ದು ಹೊರಟಿತು. ಅದರ ಮೇಲೆ ಮಾದಮ್ಮ ತನ್ನವ್ವನ ಪದ ಹಾಡಿದಳು.

ಅಕ್ಕಯ್ಯ ನಿಲ್ಲೆ ಹೊಲದ ತಿರುವಲ್ಲಿ
ನಾನೂ ಬರ್ತೀನಿ ಬುತ್ತಿ ಕಟ್ಕಂಡು

ಆ ಪದದಲ್ಲಿ ತಂಗಿ ಕರೆಯುತ್ತಾಳೆ, ಅಕ್ಕ ಉತ್ತರ ಕೊಡುತ್ತಾಳೆ. ‘ನಿಂತಿವ್ನಿ ಬಾರೆ, ನಿಂತಿವ್ನಿ’ ಎಂದು. ಉತ್ತರದ ಜಾಗದಲ್ಲಿ ಮಾದಮ್ಮ ಹಾಡು ನಿಲ್ಲಿಸಿ, ಕೆಳಗೆ ಕೂತ ಮಲ್ಲಾಜಮ್ಮನನ್ನು ನೇರವಾಗಿ ನೋಡಿದಳು. ಅಷ್ಟೆಲ್ಲ ಆದಮೇಲೂ ನೋಡಿದಳು. ಗುರುಮಲ್ಲಮ್ಮನೂ ನೋಡಿದರು. ಸೊಲ್ಲು ಮಲ್ಲಾಜಮ್ಮನ ನಾಲಗೆಯ ತುದಿಗೇ ಬಂದಿತ್ತು. ಶಾಮಿಯಾನದವನ ತಾಳಕ್ಕೆ, ತನ್ನ ಹಿಂದೆ ಹಾಡುತ್ತಿದ್ದವಳ ಹಿಂದೆ, ಈ ವಯಸ್ಸಿನಲ್ಲಿ ತಾನು ಸೊಲ್ಲು ಎತ್ತಿಕೊಳ್ಳುವುದೇ ಎಂದು ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಕೂತಳು.

ಖಾಲಿ ಯಾಕೆ ಬಿಟ್ಟಳೋ ತಿಳಿಯದ ನಾಗೇಂದ್ರ ಅಲ್ಲಿ ಏನೋ ಒಂದಿಷ್ಟು ಬಾರಿಸಿ ತುಂಬಿಸಿದ. ಎರಡನೆಯ ಸಲಕ್ಕೆ ಮಾದಮ್ಮ ಜಾಗ ಬಿಡಲಿಲ್ಲ, ಕೆಳಗೂ ನೋಡಲಿಲ್ಲ. ಅಕ್ಕನ ಉತ್ತರವನ್ನೂ ತಾನೇ ಹಾಡಿಕೊಂಡಳು, ಮತ್ತು ಅದು ಮಲ್ಲಾಜಮ್ಮ ಹಾಡುವುದಕ್ಕಿಂತ ಚೆನ್ನಾಗಿತ್ತು.