ಸಾಕ್ಷಿಯನ್ನು ನೋಡಲು ಬಂದವರು

ನಮ್ಮ ಅಣ್ಣ ಬಾಳಾಸಾಹೇಬನಿಗೆ ತಲೆ ಕೆಟ್ಟಿದೆ ಎಂದು ಆ ರವಿವಾರ ನನಗೆ ಖಾತ್ರಿಯಾಯಿತು. ಖಾನಾಪುರದ ಅವನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಒಳಗೆ ಅಣ್ಣನ ಹೆಂಡತಿ ಮಾಲಾ ವೈನಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಓಣಿಯ ಹಿರಿಯರು ಟೊಪ್ಪಿಗೆ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ಹೆಣ್ಣು ನೋಡಲು ಬೀಗರು ಬರುವಾಗಿನ ಏರ್ಪಾಡೆಲ್ಲ ಇತ್ತು. ಬರುವವರು ಮಾತ್ರ ಬೆಳಗಾವಿಯ ನಾಟಕದವರು.

ಅಣ್ಣನ ಮಗಳು ಸಾಕ್ಷಿಗೆ ಹದಿನೇಳು. ನಟಿಯಾಗಬೇಕು, ಅದರಲ್ಲೇ ಹೊಟ್ಟೆ ಹೊರೆಯಬೇಕು ಎನ್ನುವ ಹಟ ಅವಳದು. ಶನಿವಾರ ಬಂತೆಂದರೆ ಪೀರನವಾಡಿಯ ನನ್ನ ಮನೆಗೆ ಬಂದಿಳಿದು ಬೆಳಗಾವಿಯಲ್ಲಿ ಅಭಿನಯ ಕಲಿಯುತ್ತಿದ್ದಳು. ಈಗ ಊರೂರು ತಿರುಗಿ ಆಡುವ, ಸಂಬಳ ಕೊಡುವ ತಂಡವೊಂದು ಅವಳನ್ನು ಆರಿಸಿತ್ತು. ಆದರೆ ಹದಿನೆಂಟು ತುಂಬದ ಹುಡುಗಿ, ಅಪ್ಪ ಹೂಂ ಅನ್ನದೆ ಅವರು ಸೇರಿಸಿಕೊಳ್ಳುವುದಿಲ್ಲ. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ಅವರನ್ನ ಮನಿಗೆ ಕರಿ" ಎಂದಷ್ಟೇ ಅಂದ.

"ಏನಣ್ಣಾ ಇದು? ನಗೆಪಾಟಲಾಗತೈತಿ" ಎಂದು ಹರಿಹಾಯ್ದೆ.

"ನನ್ನ ಮಗಳನ್ನ ಕರಕೊಂಡು ಹೋಗಾಕ ಬರಾಕತ್ತಾರ. ಹಂತಾವರನ್ನ ಹೆಂಗ ಕೇಳಬೇಕಂತ ನನಗ ಇದೊಂದ ರೀತಿ ಗೊತ್ತೈತಿ. ನೀ ಸುಮ್ನ ಕುಂದರ, ಕಾಂತಾ."

ನಿರ್ದೇಶಕಿ ಪೂರ್ಣಿಮಾ ಇಬ್ಬರು ನಟರೊಂದಿಗೆ ಬಂದರು. ಅವಲಕ್ಕಿ ತಟ್ಟೆ ಕೈಗೆ ಬಂದದ್ದೇ ತಡ, ಹಿರಿಯರು ಶುರು ಹಚ್ಚಿಕೊಂಡರು. ತಂಡದಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ? ಕುಡಿಯುವವರಿದ್ದಾರೆಯೇ? ಪರವೂರಲ್ಲಿ ಮಲಗುವುದೆಲ್ಲಿ? ಹುಡುಗಿಗೆ ಜ್ವರ ಬಂದರೆ ನೋಡುವವರು ಯಾರು? ನಾಚಿಕೆಯಿಂದ ನಾನು ಭೂಮಿಗಿಳಿದು ಹೋದೆ. ಪೂರ್ಣಿಮಾ ಮಾತ್ರ ತಟ್ಟೆ ಕೆಳಗಿಟ್ಟು ಒಂದೊಂದಕ್ಕೂ ಉತ್ತರ ಕೊಟ್ಟರು.

"ಕುಡದು ಬಂದಾವನನ್ನ ಅವತ್ತ ಮನಿಗೆ ಕಳಸ್ತೀನ್ರಿ. ಹೆಣ್ಮಕ್ಕಳ ಖೋಲ್ಯಾಗ ನಾನೂ ಮಲಗತೀನಿ."

ಅಣ್ಣನ ಮುಖ ಸಡಿಲಾಯಿತು. ಇಷ್ಟು ದಿನ ಎದೆಯೊಳಗೆ ಇಟ್ಟುಕೊಂಡು ಕುದಿಯುತ್ತಿದ್ದದ್ದು ಈ ಪ್ರಶ್ನೆಗಳನ್ನೇ ಎಂದು ನನಗೆ ಆಗ ಹೊಳೆಯಿತು.

ಸಾಕ್ಷಿ ಸೀರೆಯುಟ್ಟು ಚಹಾ ತಂದಳು.

"ನೀವು ಏನರ ಕೇಳೂದಿದ್ರ ಕೇಳ್ರಿ" ಎಂದ ಅಣ್ಣ.

ಪೂರ್ಣಿಮಾ ನಕ್ಕರು. "ನಾವು ಆಕೀನ್ನ ನೋಡೇವ್ರಿ. ನೀವು ನೋಡೀರೇನು?"

ಅಣ್ಣ ತಲೆ ತಗ್ಗಿಸಿದ. ಮಗಳ ಒಂದು ನಾಟಕವನ್ನೂ ಅವನು ನೋಡಿರಲಿಲ್ಲ.

ಸಾಕ್ಷಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಜಮಖಾನೆಯ ತುದಿಗೆ ಕುಳಿತಳು. ಅಲ್ಲೇ ಆಡತೊಡಗಿ ಬೀಗರ ಮುಂದೆ ಕುಳಿತ ಹೆಣ್ಣಿನ ತಂದೆಯಾದಳು. ಬೀಗರು ಬಾಯಿ ತೆರೆಯುವ ಮೊದಲೇ ನಕ್ಕಳು, ಬೆವೆತ ಅಂಗೈಯನ್ನು ಮೊಣಕಾಲಿಗೆ ಒರೆಸಿಕೊಂಡಳು. "ಇನ್ನಷ್ಟು ಅವಲಕ್ಕಿ ತಗೋರಿ. ಹುಡುಗಿ ಶ್ಯಾಣ್ಯಾಕಿ ಅದಾಳ್ರಿ." ಥೇಟ್ ಅಣ್ಣ! ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆದ್ರ ಆಕಿಗೆ ಬೈಬ್ಯಾಡ್ರಿ. ಬೈದ್ರ ಊಟಾ ಬಿಡತಾಳ." ನಗು ಅಲ್ಲಿಗೇ ನಿಂತಿತು. ಆಮೇಲೆ ಅವಳ ಆಟದೊಳಗಿನ ಬೀಗರು ಎದ್ದು ಹೋದರು, ಮಗಳೂ ಹೋದಳು. ತಂದೆ ಅವಳು ಬಿಟ್ಟುಹೋದ ಆರಿದ ಚಹಾವನ್ನು ಒಬ್ಬನೇ ಕುಳಿತು ಕುಡಿದ. ಅಡುಗೆಮನೆ ಬಾಗಿಲಲ್ಲಿ ವೈನಿ ಬಿಕ್ಕಿದಳು. ನನಗೂ ತಡೆಯಲಾಗಲಿಲ್ಲ.

ಅಣ್ಣ ಎದ್ದು ಒಳಗೆ ಹೋದ. ಕೆಲಸ ಕೆಟ್ಟಿತು, ಅಪ್ಪನನ್ನೇ ಆಡಿ ತೋರಿಸಿದ್ದಕ್ಕೆ ಸಿಟ್ಟು ಬಂತು ಎಂದುಕೊಂಡೆ. ಸಾಕ್ಷಿಯ ಮುಖ ಬಿಳಿಚಿತ್ತು.

ಅವನು ಸಕ್ಕರೆ ಬಟ್ಟಲು ಹಿಡಿದು ಹೊರಗೆ ಬಂದ. ನಮ್ಮಲ್ಲಿ ಸಂಬಂಧ ಗಟ್ಟಿಯಾದಾಗಲೇ ಎಲ್ಲರಿಗೂ ಸಕ್ಕರೆ ಹಂಚುವುದು, ಆಮೇಲೆ ಮಾತು ಮುರಿಯುವಂತಿಲ್ಲ. ಮೊದಲು ಪೂರ್ಣಿಮಾ ಅವರ ಕೈಗೆ ಹಾಕಿದ, ಆಮೇಲೆ ಮಗಳ ಬಾಯಿಗೆ. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಹುಡುಗಿ ಅಪ್ಪನ ಕೊರಳಿಗೆ ಜೋತುಬಿದ್ದಳು. ಹಿರಿಯರು ಚಪ್ಪಾಳೆ ತಟ್ಟಿದರು.

"ಮೊದಲನೇ ಆಟ ಎಲ್ಲೈತ್ರಿ?" ಎಂದು ಅಣ್ಣ ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ಕಾಕತಿಯಾಗ್ರಿ."

"ಹಂಗಾರ ಮುಂದಿನ ಸಾಲು ಹೆಣ್ಣಿನ ಕಡೆಯವರಿಗೆ ಇಡ್ರಿ. ಇಡೀ ಓಣಿ ಬರತೈತಿ."