ಹಿಂದಕ್ಕೆ ಹೋದ ಧಾರೆ ಹಾಲು

ಹೊಸ ಸಾಫ್ಟ್‌ವೇರ್ ಬಂದ ನಾಲ್ಕನೆಯ ದಿನ ನಾನು ಒಂದು ಮದುವೆಯನ್ನು ರದ್ದು ಮಾಡಿದೆ. ಬೇಕೆಂದು ಮಾಡಿದ್ದಲ್ಲ.

ನಂಜನಗೂಡು ಬಸ್ ಸ್ಟ್ಯಾಂಡಿನ ಹಿಂದಿರುವ ನಮ್ಮ ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಅಲ್ಲಿಯವರೆಗೆ ಇದ್ದದ್ದು ಹಳೆಯದು. ಅದರಲ್ಲಿ ಗುಲಾಬಿ ಅರಳಿ ಒಳಗಿಂದ ವಧೂವರರು ಬರುತ್ತಿದ್ದರು, ಹೃದಯದ ಚಿತ್ರ ಒಡೆದು ಅತ್ತೆ ಮಾವ ಬರುತ್ತಿದ್ದರು. 'ಈಗ ಹೂವು ಗೀವು ಯಾರೂ ಕೇಳಲ್ಲ ರಂಜನಿ, ಸಿನಿಮಾ ಥರ ಬೇಕಂತೆ. ಕಲ್ತ್ಕೋ,' ಎಂದು ಮಾಲೀಕ ಬಸವಪ್ರಸಾದಣ್ಣ ಹೊಸದನ್ನು ಹಾಕಿಸಿ, ಕ್ಯಾಮೆರಾ ಹೊತ್ತು ಯಾವುದೋ ಗೃಹಪ್ರವೇಶಕ್ಕೆ ಹೊರಟುಹೋದರು.

ಬ್ಲೇಡಿನ ಚಿತ್ರ ಒತ್ತಿದರೆ ದೃಶ್ಯ ಕತ್ತರಿಸುತ್ತದೆ. ಬೀಗದ ಚಿತ್ರ ಒತ್ತಿದರೆ ದೃಶ್ಯಗಳಿರುವ ಆ ಸಾಲನ್ನು ಯಾರೂ ಮುಟ್ಟಲಾಗದು. ಸ್ಪೀಡ್ ಎಂಬಲ್ಲಿ ವೇಗ ಹೆಚ್ಚಿಸಬಹುದು, ಇಳಿಸಬಹುದು. ಅದರ ಕೆಳಗೆ ರಿವರ್ಸ್ ಎಂದು ಒಂದು ಪುಟ್ಟ ಚೌಕ. ನಮ್ಮಜ್ಜಿಯ ಕತೆಗಳಲ್ಲಾದರೆ ಏಳು ಕೋಣೆ ತೆಗೆ, ಎಂಟನೆಯದು ಬೇಡ ಎಂದು ಹೇಳಿಯೇ ಕೀಲಿ ಕೊಡುತ್ತಾರೆ. ಇಲ್ಲಿ ಹಾಗೆ ಹೇಳುವವರೂ ಇರಲಿಲ್ಲ.

ಅಭ್ಯಾಸಕ್ಕೆ ಇಟ್ಟುಕೊಂಡದ್ದು ಹದಿನಾರು ಗ್ರಾಮದ ಚಿಕ್ಕಸ್ವಾಮಿಯವರ ಮಗಳು ಪವಿತ್ರಾಳ ಮದುವೆ. ಗಂಡು ಟಿ. ನರಸೀಪುರದ ಕಿರಣ್. ಭಾನುವಾರವಷ್ಟೇ ಆಗಿತ್ತು. ಧಾರೆಯ ದೃಶ್ಯಕ್ಕೆ ಆ ಚೌಕದಲ್ಲಿ ಟಿಕ್ ಹಾಕಿದೆ. ವಧೂವರರ ಕೈಯಿಂದ ಹಾಲು ಎದ್ದು, ದಾರದಂತೆ ಮೇಲೇರಿ, ಚಿಕ್ಕಸ್ವಾಮಿಯವರ ತಂಬಿಗೆಯೊಳಗೆ ಹೋಯಿತು. ತಲೆಗಳ ಮೇಲಿನ ಅಕ್ಷತೆ ಗುಬ್ಬಿ ಹಿಂಡಿನಂತೆ ಹಾರಿ ಐನೂರು ಜನರ ಮುಷ್ಟಿ ಸೇರಿತು. ತಾಳಿಯ ಮೂರು ಗಂಟೂ ಬಿಚ್ಚಿಕೊಂಡವು. ಎಷ್ಟು ಚೆನ್ನಾಗಿತ್ತೆಂದರೆ ನಾಲ್ಕು ಸಲ ನೋಡಿದೆ. ಆಮೇಲೆ ಎರಡೂ ಮನೆಯವರ ವಾಟ್ಸಾಪ್ ಗ್ರೂಪಿಗೆ ಮದುವೆಯ ತುಣುಕು ಕಳಿಸುವಾಗ ಸರಿಯಾದದ್ದನ್ನು ಬಿಟ್ಟು ಅದನ್ನೇ ಕಳಿಸಿದೆ.

ಮರುದಿನ ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ಎರಡೂ ಮನೆಯವರು ಬಾಗಿಲಲ್ಲಿದ್ದರು. ಪವಿತ್ರಾ ಸೂಟ್‌ಕೇಸಿನ ಮೇಲೆ ಕೂತಿದ್ದಳು.

'ನೀನೇ ಏನವ್ವ ಮದ್ವೆ ಬಿಚ್ಚಿದೋಳು?' ಎಂದರು ಕಿರಣನ ಅಜ್ಜಿ ದೇವೀರಮ್ಮ. 'ಬೀಗ್ರು ಕೊಟ್ಟ ಎಣ್ಣ ವಾಪಸ್ ತಗೊಂಡವ್ರೆ. ಇಡೀ ನರಸೀಪುರ ನೋಡ್ಬುಟ್ಟದೆ. ಧಾರೆ ಇಲ್ದಿರೋ ಎಣ್ಣ ನಾನ್ ಎಂಗವ್ವ ಮನೇಲಿ ಇಟ್ಕೊಳ್ಳಿ?'

'ಅಜ್ಜಿ, ಅದು ಬರೀ ಎಫೆಕ್ಟು.'

'ನಾನೂ ಅಂಗೇ ಅಂದೆ ಕಣಮ್ಮ,' ಎನ್ನುತ್ತ ಚಿಕ್ಕಸ್ವಾಮಿಯವರು ಟವೆಲ್ ಸುತ್ತಿದ್ದ ತಂಬಿಗೆಯನ್ನು ನನ್ನ ಮೇಜಿನ ಮೇಲಿಟ್ಟರು. 'ಇದನ್ನ ತೊಳ್ದು ಅಟ್ಟದ ಮೇಲೆ ಕವುಚಾಕಿದ್ದೆ. ಕವುಚ್ಕೊಂಡೇ ತುಂಬ್ಬಿಟ್ಟದೆ. ಒಂದ್ ತೊಟ್ಟು ಚೆಲ್ಲಿಲ್ಲ.'

ತಂಬಿಗೆ ತುಂಬ ಭಾನುವಾರದ ಹಾಲು. ಒಡೆದಿರಲಿಲ್ಲ. ಮೇಲೊಂದು ಅಕ್ಷತೆ ಕಾಳು ತೇಲುತ್ತಿತ್ತು. ಕಿರಣ್ ಮೆಲ್ಲಗೆ, 'ತಾಳಿ ನನ್ನ ಜೇಬಲ್ಲಿ ಸಿಕ್ತು,' ಎಂದು ತೆಗೆದು ತೋರಿಸಿ ಮತ್ತೆ ಒಳಗಿಟ್ಟ.

ಅಷ್ಟರಲ್ಲಿ ಬಂದ ಬಸವಪ್ರಸಾದಣ್ಣ ತಂಬಿಗೆಯೊಳಗೆ ಇಣುಕಿ, 'ಕಂಟ್ರೋಲ್ ಝಡ್ ಒತ್ತಮ್ಮ,' ಎಂದರು. ಒತ್ತಿದೆ. ಕಂಪ್ಯೂಟರಿನಲ್ಲಿ ಎಲ್ಲವೂ ಮೊದಲಿನಂತಾಯಿತು. ತಂಬಿಗೆಯಲ್ಲಿ ಹಾಲು ಹಾಗೇ ಇತ್ತು.

'ಇನ್ನೊಂದ್ಸಲ ಧಾರೆ ಎರೆದ್ರಾಯ್ತಲ್ಲ?' ಎಂದೆ ನಾನು.

'ಒಂದ್ ಎಣ್ಣಿಗೆ ಎರಡ್ ಧಾರೆನಾ? ಉಗೀತಾರೆ ಜನ,' ಎಂದರು ದೇವೀರಮ್ಮ. 'ಅದೇ ಧಾರೆ ಮುಂದಕ್ಕೆ ಓಗ್ಬೇಕು, ನೋಡ್ದೋರೆಲ್ಲ ಇನ್ನೊಂದ್ಸಲ ನೋಡ್ಬೇಕು. ಜೋಯಿಸ್ರು ಯೋಳವ್ರೆ, ಹನ್ನೊಂದೂವರೆ ಗಂಟೆ ಗಂಟ ಮುಹೂರ್ತ. ಇದು ಬಿಟ್ರೆ ಆಷಾಢ.'

ಅಜ್ಜಿಯ ಕತೆಯೊಂದರಲ್ಲಿ ಗಿಳಿಯಾದ ರಾಣಿಯನ್ನು ಮತ್ತೆ ಹೆಂಗಸು ಮಾಡಲು, ಗಿಳಿ ಮಾಡಿದವಳನ್ನೇ ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಎಲ್ಲರೂ ನನ್ನ ಕಡೆ ತಿರುಗಿದ್ದು ವಿಚಿತ್ರವೆನಿಸಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.

ದೇವೀರಮ್ಮ ಮಾನಿಟರಿಗೆ ಅರಿಶಿನ ಕುಂಕುಮ ಹಚ್ಚಿ, ಕೀಬೋರ್ಡಿಗೆ ಕನಕಾಂಬರ ಮುಡಿಸಿದರು. ಮುಂದಕ್ಕೆ ಹೋಗುವ ಧಾರೆಯ ದೃಶ್ಯವನ್ನು ವಿಡಿಯೋ ಮಾಡಲು ಹಾಕಿದೆ. ತೊಂಬತ್ತೇಳು ಪರ್ಸೆಂಟಿಗೆ ಬಂದು ನಿಂತಿತು. ಹನ್ನೊಂದು ಹತ್ತು. ಹನ್ನೊಂದು ಕಾಲು. ತಡೆಯಲಾರದೆ ಚಿಕ್ಕಸ್ವಾಮಿಯವರು 'ಗಟ್ಟಿಮೇಳ! ಗಟ್ಟಿಮೇಳ!' ಎಂದು ಕೂಗಿದರು. ಪಕ್ಕದ ಮೊಬೈಲ್ ಅಂಗಡಿಯವರು ಇದ್ದಬದ್ದ ರಿಂಗ್‌ಟೋನನ್ನೆಲ್ಲ ಒಟ್ಟಿಗೆ ಹಾಕಿದರು. ನೂರಾಯಿತು. ಗ್ರೂಪಿಗೆ ಕಳಿಸಿ, ಇಲ್ಲಿಯೂ ಪ್ಲೇ ಒತ್ತಿದೆ.

ಪವಿತ್ರಾ, ಕಿರಣ್ ಮಾನಿಟರಿನ ಮುಂದೆ ಕೈ ಜೋಡಿಸಿ ನಿಂತಿದ್ದರು. ತೆರೆಯಲ್ಲಿ ತಂಬಿಗೆ ಬಾಗಿದಂತೆ ಇಲ್ಲಿಯೂ ಚಿಕ್ಕಸ್ವಾಮಿಯವರ ಕೈಯಲ್ಲಿ ತಾನಾಗಿ ಬಾಗಿತು. ಹಾಲು ಅರ್ಧ ದಾರಿ ಇಳಿದಿತ್ತು. ಪವಿತ್ರಾ ಒಂದು ಕೈ ಬಿಡಿಸಿಕೊಂಡು ಸ್ಪೇಸ್ ಬಾರ್ ಒತ್ತಿದಳು.

ಹಾಲು ಗಾಳಿಯಲ್ಲಿ ನಿಂತಿತು. ಫ್ಯಾನಿಗೆ ಕೊಂಚ ಓಲಾಡಿತು.

'ಅಜ್ಜಿ, ಆರು ವರ್ಷದಿಂದ ನಮ್ಮೂರ್ ಡೈರೀಲಿ ಹಾಲು ಟೆಸ್ಟ್ ಮಾಡ್ತಿದೀನಿ. ಮದ್ವೆ ಆದ್ಮೇಲೂ ಹೋಗ್ಲಾ ಅಂತ ಮಾತುಕತೇಲಿ ಕೇಳಿದ್ರೆ ಆಮೇಲೆ ನೋಡಣ ಅಂದ್ರಿ. ಸೋಮವಾರ ಕೇಳಿದ್ರೆ ಇನ್ ಸಾಕು ಬಿಡು ಅಂದ್ರಿ. ಹೋಗ್ಬೋದಾ ಇಲ್ವಾ, ಈಗ್ಲೇ ಹೇಳ್ಬಿಡಿ.'

'ಮುಹೂರ್ತ ಮೀರ್ತದೆ ಕಣೇ!'

'ಮೀರ್ಲಿ. ಆಷಾಢಕ್ಕೆ ಹೆಂಗೂ ಅಮ್ಮನ ಮನೇಲೇ ಇರ್ಬೇಕಲ್ಲ.'

'ಏನ್ಲಾ ಕಿರಣ, ನೀನಾದ್ರೂ ಬಾಯ್ ಬುಡ್ಲಾ!'

'ದಿನಾ ಬೈಕಲ್ಲಿ ನಾನೇ ಬಿಟ್ ಬತ್ತೀನಿ,' ಎಂದ ಕಿರಣ್, ಕೈಯ ಮೇಲೆ ನಿಂತ ಹಾಲನ್ನೇ ನೋಡುತ್ತ.

'ಅಜ್ಜಿ ಹೇಳ್ಲಿ,' ಎಂದಳು ಪವಿತ್ರಾ.

ಹನ್ನೊಂದು ಇಪ್ಪತ್ತಾರು. ದೇವೀರಮ್ಮ ನಿಂತ ಹಾಲಿಗೆ ಒಂದು ಸುತ್ತು ಬಂದರು. ಮೂಸಿ ನೋಡಿದರು. 'ನೀರಾಕವ್ನಾ ನಿಮ್ಮಪ್ಪ?'

ಪವಿತ್ರಾ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು. 'ನೀರಿಲ್ಲ. ಎಮ್ಮೆ ಹಾಲು ಸೇರ್ಕೊಂಡಿದೆ.'

'ಅಸೀನ್ ಹಾಲು ಸಾಲ್ಲಿಲ್ಲ ಕಣವ್ವ, ಅದ್ಕೆ ಒಂದ್ ಲೋಟ...' ಎಂದು ಚಿಕ್ಕಸ್ವಾಮಿಯವರು ಬಾಗಿದ ತಂಬಿಗೆ ಹಿಡಿದೇ ತಲೆ ತಗ್ಗಿಸಿದರು.

'ಎತ್ತ ಅಪ್ಪನ್ನೂ ಬುಡ್ನಿಲ್ವಲ್ಲ ಇವ್ಳು!' ದೇವೀರಮ್ಮ ಸೊಂಟಕ್ಕೆ ಕೈಯಿಟ್ಟು ನಕ್ಕರು. 'ನಮ್ಮನೆಗೆ ಬರೋ ಹಾಲ್ನೋನು ಮೂರ್ ವರ್ಷದಿಂದ ನನ್ ಕಣ್ಣಿಗೆ ಮಣ್ಣಾಕ್ತಾವ್ನೆ. ಆಯ್ತು, ಓಗವ್ವ ಡೈರಿಗೆ. ಅವುನ್ ಹಾಲ್ನೂ ಒಸಿ ನೋಡು. ಈಗ ಒತ್ತು, ಅದೇನೋ ಒತ್ತು!'

ಪವಿತ್ರಾ ಒತ್ತಿದಳು. ಹಾಲು ಬಿತ್ತು. ಕಿರಣನ ಜೇಬು ಖಾಲಿಯಾಗಿ ತಾಳಿ ಅವಳ ಕುತ್ತಿಗೆಯಲ್ಲಿತ್ತು. ಯಾರ ಮುಷ್ಟಿಯಿಂದಲೋ ಹೊರಟ ಅಕ್ಷತೆ ಸೀಲಿಂಗಿನಿಂದ ಉದುರಿತು. ನಾನು ಮೊದಲು ಮಾಡಿದ ಕೆಲಸವೆಂದರೆ ಆ ಸಾಲಿನ ಮೇಲೆ ಬೀಗದ ಚಿತ್ರ ಒತ್ತಿದ್ದು.

ಸ್ಪೇಸ್ ಬಾರ್ ಈಗಲೂ ಅಂಟುತ್ತದೆ. ಎಷ್ಟು ಒರೆಸಿದರೂ ಪವಿತ್ರಾಳ ಹಾಲಿನ ಕೈಯ ಜಿಗುಟು ಹೋಗಿಲ್ಲ.