ಛತ್ರಿಯ ಕೆಳಗಿನ ನೆರಳು

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಇನ್ನೂ ಬಿದ್ದಿರಲಿಲ್ಲ. ಜೂನ್ ತಿಂಗಳ ಒಂದು ಸೋಮವಾರ, ಮುಂಜಾನೆ ಎಂಟರ ಹೊತ್ತಿಗೆ ಪೇಂಟರ್ ಭೀಮಶ್ಯಾ ಇಂಡಿ ಊರಿನ ಹೆಣ್ಣುಮಕ್ಕಳ ಶಾಲೆಯೊಂದರ ಗೋಡೆಗೆ ಮೊದಲ ಗೆರೆ ಎಳೆದ. ಫ್ಲೆಕ್ಸ್ ಬಂದ ಮೇಲೆ ಅಂಗಡಿಯ ಬೋರ್ಡು ಬರೆಸುವವರೇ ಇಲ್ಲ. ಮೂರು ವರ್ಷದ ನಂತರ ಅವನ ಕೈಗೆ ಸಿಕ್ಕ ಗೋಡೆ ಇದು. ಬರೆಸುತ್ತಿದ್ದವರು ಡ್ರಾಯಿಂಗ್ ಟೀಚರ್ ಸುನಂದಾ. ಅವರಿಗೆ ಮುದ್ದೇಬಿಹಾಳಕ್ಕೆ ವರ್ಗವಾಗಿತ್ತು, ಶನಿವಾರ ಹೊರಡಬೇಕು. ಅಷ್ಟರೊಳಗೆ ತಾವು ಮೆಚ್ಚಿದ ಒಂದು ಚಿತ್ರ ಶಾಲೆಯ ಗೋಡೆಯ ಮೇಲೆ ನಿಲ್ಲಬೇಕೆಂಬುದು ಅವರ ಒಂಬತ್ತು ವರ್ಷದ ಆಸೆ.

ಅವರು ಕೊಟ್ಟದ್ದು ಅಂಗೈಯಗಲದ, ಬಣ್ಣ ಮಾಸಿದ, ಆ ಚಿತ್ರದ ಅಚ್ಚುಪ್ರತಿ. ನೂರೈವತ್ತು ವರ್ಷದ ಹಿಂದಿನ ಪ್ಯಾರಿಸ್. ಹಳೆಯ ಓಣಿಗಳನ್ನು ಕೆಡವಿ ಮಾಡಿದ ಅಗಲ ರಸ್ತೆ, ಒಂದೇ ಎತ್ತರದ ಮನೆಗಳು, ದೀಪದ ಕಂಬ. ಛತ್ರಿ ಬಿಚ್ಚಿಕೊಂಡು ಹೊರಟ ನೌಕರಿ, ವ್ಯಾಪಾರದ ಮಂದಿ.

"ಗಂಡಾ ಹೆಂಡ್ತಿ ಒಂದ ಛತ್ರ್ಯಾಗ ಹೊಂಟಾರಲ್ಲ ಕಾಕಾ, ಇನ್ನೊಂದು ತರಾಕ ಆಗಿಲ್ಲೇನು ಆ ಗಂಡಗ?" ಎಂದಳು ಬಿಸಿಯೂಟದ ಅಡುಗೆಯ ರೇಣವ್ವ.

"ಎರಡ ತಂದ್ರ ಕೈ ಹಿಡ್ಯಾಕ ಆಗೂದಿಲ್ಲ ತಂಗಿ" ಎಂದ ಭೀಮಶ್ಯಾ.

ಗುರುವಾರ ಮುಂಜಾನೆ ಸುನಂದಾ ಬಂದು ನೋಡಿದರು. ಚಿತ್ರದಲ್ಲಿದ್ದ ಎಲ್ಲರ ಕಾಲಡಿಯೂ ಗಿಡ್ಡನೆಯ ಕಪ್ಪು ನೆರಳು, ರಸ್ತೆಯ ಕಲ್ಲಿನ ಮೇಲೆ ಮಟಮಟ ಮಧ್ಯಾಹ್ನದ ಹಳದಿ ಬೆಳಕು.

"ಭೀಮಶ್ಯಾ ಅವರ, ಆ ಚಿತ್ರದಾಗ ಮಳಿ ಬರಾಕತ್ತೈತ್ರಿ."

"ಮಳೀಗೆ ಯಾರ ಛತ್ರಿ ಹಿಡೀತಾರ್ರಿ ಅಕ್ಕಾರ? ನಮ್ಮಲ್ಲಿ ಬಿಸಲಿಗಷ್ಟ. ಮಳಿ ಬಂದ್ರ ನಿಂತು ತೋಯಿಸ್ಕೋತೀವಿ."

ಹೇಳಿದನೇನೋ ಹೌದು, ಆಮೇಲೆ ಬಣ್ಣದ ಡಬ್ಬಿಗಳತ್ತ ನೋಡಿದ. ಇದರ ಮೇಲೆ ಸುಣ್ಣ ಹೊಡೆದುಬಿಡಿ ಅಂದರೆ? ಉಳಿದದ್ದು ಎರಡೇ ದಿನ.

ಸುನಂದಾ ನಕ್ಕುಬಿಟ್ಟರು. ಒಂದು ಬಕೆಟ್ ನೀರು ತರಿಸಿ ಪಡಸಾಲೆಗೆ ಹಾಸಿದ ಫರಸಿಕಲ್ಲಿನ ಮೇಲೆ ಸುರಿಸಿ, ರೇಣವ್ವನನ್ನು ಅಲ್ಲೇ ನಿಲ್ಲಿಸಿ, "ಈಗ ಆಕಿ ಕಾಲ ಕೆಳಗ ನೋಡ್ರಿ" ಎಂದರು.

ಭೀಮಶ್ಯಾ ಕುಕ್ಕರುಗಾಲಲ್ಲಿ ಕೂತು ನೋಡಿದ. ನೆರಳಿರಲಿಲ್ಲ. ತೊಯ್ದ ಕಲ್ಲಿನೊಳಗೆ ಅವಳ ಹಸಿರು ಸೀರೆ ತಲೆಕೆಳಗಾಗಿ, ತುಸು ಮಸುಕಾಗಿ, ಉದ್ದಕ್ಕೆ ಇಳಿದಿತ್ತು.

"ಅಲುಗಬ್ಯಾಡ ತಂಗಿ."

"ಬ್ಯಾಳಿ ಸೀದ್ರ ನೀನ ಉಣ್ಣಾಂವೇನು?"

ಆ ದಿನ, ಮರುದಿನ ಅವನು ಪ್ಯಾರಿಸ್ಸಿನ ರಸ್ತೆಯನ್ನು ತೋಯಿಸಿದ. ಹಳದಿ ಹೋಗಿ ಬೂದು ಬಂತು. ಛತ್ರಿಗಳು, ಲಂಗಗಳು, ಕಂಬ ಎಲ್ಲ ಕಲ್ಲಿನೊಳಗೆ ಇಳಿದವು. ದೂರದ ಮೂಲೆಯಲ್ಲಿದ್ದ ಒಬ್ಬನ ನೆರಳು ಅಳಿಸಲು ಹೋದಾಗ ಸುನಂದಾ ತಡೆದರು.

"ಅಂವ ಇಂಡಿಯಿಂದ ಹೋದಾಂವ ಅನ್ಕೋರಿ. ಇರ್ಲಿ."

ಭೀಮಶ್ಯಾ ಅವನ ಟೊಪ್ಪಿಗೆ ತೆಗೆದು ತಲೆಗೆ ಹಳದಿ ಪಟಗಾ ಸುತ್ತಿದ.

ಶನಿವಾರ ಸುನಂದಾ ಗೋಡೆಯ ಮೂಲೆಯ ಆ ಪಟಗಾದವನನ್ನು ಇನ್ನೊಮ್ಮೆ ನೋಡಿಕೊಂಡು, ಹತ್ತೂವರೆಯ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೋದರು.